ಸ್ಟುಡಿಯೊಕ್ಕೆ ಬೀಗ ಬೀಳುವುದು ಎಷ್ಟು ಗಂಟೆಗೆ? ಎಂವಿಎ ಓದಿ ಬಂದವಳ ವಿಮರ್ಶೆ

ಏಪ್ರಿಲ್ ತಿಂಗಳು ಬಂತೆಂದರೆ ಬ್ರಹ್ಮಾವರದ ನಮ್ಮ ಮನೆಗೆ ಫೋನ್ ಬರಲು ಶುರುವಾಗುತ್ತದೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ದೃಶ್ಯಕಲೆಯ ಪದವಿ ಮುಗಿಸುತ್ತಿರುವ ಹುಡುಗ ಹುಡುಗಿಯರು. ಪ್ರಶ್ನೆ ಒಂದೇ: “ಅಕ್ಕ, ಎಂವಿಎಗೆ ಎಲ್ಲಿ ಸೇರಿದರೆ ಒಳ್ಳೆಯದು?” ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು, ಎಂವಿಎ, ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿಗೆ ನಾನು ಓದಿದ ಕೋರ್ಸಿನ ಬಗ್ಗೆ ಇಲ್ಲಿ ಬರೆದಿಡುತ್ತಿದ್ದೇನೆ. ಊಟ ಮಾಡಿ ಬಂದ ಹೋಟೆಲಿನ ಬಗ್ಗೆ ಹೇಗೆ ನೇರವಾಗಿ ಬರೆಯುತ್ತೇವೋ ಹಾಗೆಯೇ. ದುಡ್ಡು ಕೊಟ್ಟು, ಎರಡು ವರ್ಷ ಕೊಟ್ಟು, ಕೈಯಲ್ಲಿದ್ದ ಶಿಕ್ಷಕಿಯ ಕೆಲಸ ಬಿಟ್ಟು ಹೋದವಳು ನಾನು. ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಹೇಳುವ ಹಕ್ಕು ನನಗಿದೆ.

ಓದಿದ್ದು ಗ್ರಾಫಿಕ್ಸ್ ವಿಭಾಗದಲ್ಲಿ, 2022ರಿಂದ 2024ರವರೆಗೆ, ನಾಲ್ಕು ಸೆಮಿಸ್ಟರ್. ಗ್ರಾಫಿಕ್ಸ್ ಎಂದಾಕ್ಷಣ ಕಂಪ್ಯೂಟರ್ ನೆನಪಾಗಬಾರದು. ಕಲಾಶಾಲೆಗಳಲ್ಲಿ ಆ ಹೆಸರು ಮುದ್ರಣ ಕಲೆಗಿದೆ. ಮರದಚ್ಚು, ಲೋಹದ ತಗಡನ್ನು ಆಮ್ಲದಿಂದ ಕೊರೆಯುವ ಎಚಿಂಗ್, ಕಲ್ಲಚ್ಚು, ಸ್ಕ್ರೀನ್ ಎಲ್ಲ ಅದರೊಳಗೆ ಬರುತ್ತವೆ. ಹೊರ ರಾಜ್ಯದ ಒಂದು ಸರ್ಕಾರಿ ಕಲಾಶಾಲೆ. ಹೆಸರು ಬರೆಯುವುದಿಲ್ಲ. ನಾನು ದೂರುವ ಕೆಲವು ಸಂಗತಿಗಳು ಈಗ ಸರಿಹೋಗಿರಬಹುದು, ನಾನು ಹೊಗಳುವ ಒಬ್ಬರು ಈಗಾಗಲೇ ನಿವೃತ್ತರಾಗಿದ್ದಾರೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ನೋಡಿ ಸೇರಬೇಡಿ. ಸೇರಬೇಕೆಂದಿರುವ ವಿಭಾಗಕ್ಕೆ ಫೋನ್ ಮಾಡಿ, ಸ್ಟುಡಿಯೊಕ್ಕೆ ರಾತ್ರಿ ಎಷ್ಟು ಗಂಟೆಗೆ ಬೀಗ ಹಾಕುತ್ತೀರಿ ಎಂದು ಕೇಳಿ. ಇರುವ ಪ್ರೆಸ್‌ಗಳಲ್ಲಿ ಎಷ್ಟು ನಡೆಯುತ್ತಿವೆ, ಕಾರ್ಯಾಗಾರದ ಸಹಾಯಕರು ದಿನವೂ ಬರುತ್ತಾರೆಯೇ ಎಂದು ಕೇಳಿ. ಐದು ಗಂಟೆಗೆ ಬೀಗ ಬೀಳುವ ವಿಭಾಗ ಎಷ್ಟೇ ದೊಡ್ಡ ಹೆಸರಿನದ್ದಾದರೂ ನಿಮ್ಮ ಎರಡು ವರ್ಷಕ್ಕೆ ತಕ್ಕದ್ದಲ್ಲ.

ನಮ್ಮ ಕಡೆ ಎಂವಿಎ ಎಂದ ಕೂಡಲೇ ಕೇಳಿಬರುವ ಹೆಸರುಗಳು ಬರೋಡಾ, ಶಾಂತಿನಿಕೇತನ, ಹೈದರಾಬಾದ್. ರಾಜ್ಯದೊಳಗಾದರೆ ಮೈಸೂರಿನ ಕಾವಾ (ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು), ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಆ ಹೆಸರುಗಳಿಗೆ ತೂಕ ಸುಮ್ಮನೆ ಬಂದಿಲ್ಲ. ಶಾಂತಿನಿಕೇತನದ ಕಲಾಭವನ 1919ರಲ್ಲಿ, ಬರೋಡಾದ ಲಲಿತಕಲಾ ವಿಭಾಗ 1950ರಲ್ಲಿ ಶುರುವಾದವು. ದಂಡಿಗೆ ಕೋಲೂರಿ ನಡೆಯುವ ಗಾಂಧೀಜಿಯ 1930ರ ಲಿನೋಕಟ್ (ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಒತ್ತಿದ ಮುದ್ರಣ) ಕಲಾಭವನದ ನಂದಲಾಲ್ ಬೋಸರದ್ದು. ಸೋಮನಾಥ್ ಹೋರ್ ಅವರು ಕಾಗದದ ತಿರುಳಿನಲ್ಲೇ ಗಾಯಗಳನ್ನು ಮೂಡಿಸಿದ ಮುದ್ರಣಗಳೂ ಅಲ್ಲಿಯವೇ. ಊರು ಬಿಟ್ಟು ಹೋಗಿ ಕಲಿಯುವುದು ನಮಗೇನೂ ಹೊಸತಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಆಮೇಲೆ ಪ್ಯಾರಿಸ್ಸಿಗೂ ಹೋದವರು. ಆದರೆ ನೀವು ಸೇರುವುದು ಇತಿಹಾಸಕ್ಕಲ್ಲ, ಇವತ್ತು ತೆರೆದಿರುವ ಒಂದು ಕೋಣೆಗೆ.

ನಾನು ಐದು ಕಡೆ ಅರ್ಜಿ ಹಾಕಿದೆ. ಒಂದು ಕಡೆ ಪೋರ್ಟ್‌ಫೋಲಿಯೊ (ನನ್ನ ಕೆಲಸಗಳ ಕಡತ) ನೋಡಿಯೇ ಕೈಬಿಟ್ಟರು. ಎರಡು ಕಡೆಯ ಪರೀಕ್ಷೆ ಒಂದೇ ದಿನ ಬಿತ್ತು. ಇನ್ನೊಂದು ಕಡೆ ಕಾಯುವವರ ಪಟ್ಟಿಯಲ್ಲಿ ನಾಲ್ಕನೆಯವಳಾಗಿ ಉಳಿದೆ. ಹಲವು ಕೇಂದ್ರೀಯ ವಿಶ್ವವಿದ್ಯಾಲಯಗಳು 2022ರಿಂದ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ತೆಗೆದುಕೊಳ್ಳುತ್ತಿವೆ. ಉಳಿದವರಿಗೆ ಅವರದೇ ಅರ್ಜಿ, ಅವರದೇ ದಿನಾಂಕ. ಹಳೆಯ ವಿಶ್ವವಿದ್ಯಾಲಯ ಕೊಡುವ ವಲಸೆ ಪ್ರಮಾಣಪತ್ರಕ್ಕೆ (ಮೈಗ್ರೇಷನ್ ಸರ್ಟಿಫಿಕೇಟ್) ಮಾತ್ರ ಫೆಬ್ರವರಿಯಲ್ಲೇ ಓಡಾಡಿ. ನನ್ನದು ಕೈಸೇರಿದ್ದು ದಾಖಲಾತಿಯ ಕೊನೆಯ ದಿನಕ್ಕೆ ಎರಡು ದಿನ ಮೊದಲು. ಆ ವಾರ ನನಗೆ ನಿದ್ದೆ ಬರಲಿಲ್ಲ.

ಪೋರ್ಟ್‌ಫೋಲಿಯೊದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ಸೋಲುವುದೇ ಅಲ್ಲಿ. ಉಡುಪಿಯ ಒಂದು ಸ್ಟುಡಿಯೊದಲ್ಲಿ 4,500 ರೂಪಾಯಿ ಕೊಟ್ಟು ನನ್ನ ಹದಿನೆಂಟು ಮರದಚ್ಚುಗಳ ಫೋಟೊ ತೆಗೆಸಿದೆ. ಮದುವೆಯ ಫೋಟೊ ತೆಗೆಯುವ ಫ್ಲಾಶ್ ಹಾಕಿ ತೆಗೆದರು. ಕಪ್ಪು ಶಾಯಿ ಕನ್ನಡಿಯಂತೆ ಮಿನುಗಿತು, ಕಾಗದದ ಅಂಚನ್ನೆಲ್ಲ ಕತ್ತರಿಸಿ ‘ನೀಟಾಗಿ’ ಕೊಟ್ಟರು. ಒಂದು ಚಿತ್ರವೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ನಮ್ಮ ಮನೆಯ ಚಾವಡಿಯಲ್ಲಿ, ಬೆಳಿಗ್ಗೆ ಹತ್ತರ ಸುಮಾರಿಗೆ, ಅಂಗಳದ ಬೆಳಕು ನೆಲಕ್ಕೆ ಬಿದ್ದು ಗೋಡೆಗೆ ಮೃದುವಾಗಿ ಹರಡುವ ಹೊತ್ತಿನಲ್ಲಿ ನಾನೇ ತೆಗೆದೆ. ಎದುರಿನಲ್ಲಿ ಅಪ್ಪಯ್ಯ ಬಿಳಿ ಪಂಚೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು, ಬೆಳಕು ತಿರುಗಿ ಬೀಳಲೆಂದು. ಹದಿನೆಂಟು ಚಿತ್ರಕ್ಕೆ ಎರಡು ಬೆಳಗು ಹಿಡಿಯಿತು. ಮುದ್ರಣದ ಫೋಟೊ ತೆಗೆಯುವಾಗ ಇಡೀ ಹಾಳೆ ಬರಬೇಕು: ಅಂಚು, ತಗಡು ಒತ್ತಿದ ಗುರುತು, ಕೆಳಗೆ ಪೆನ್ಸಿಲಿನಲ್ಲಿ ಬರೆದ ಪ್ರತಿಯ ಸಂಖ್ಯೆ, ಸಹಿ. ನೋಡುವವರು ಚಿತ್ರಕ್ಕಿಂತ ಮೊದಲು ಆ ಅಂಚನ್ನೇ ನೋಡುತ್ತಾರೆ. ಅಲ್ಲಿ ಬೆರಳಿನ ಮಸಿ ಇದ್ದರೆ ನಿಮ್ಮ ಕೈಯ ಶಿಸ್ತು ಗೊತ್ತಾಗಿಬಿಡುತ್ತದೆ.

ಅರ್ಜಿಯ ಜೊತೆ ಉದ್ದೇಶಪತ್ರವೊಂದನ್ನು ಬರೆಯಬೇಕು. ‘ಬಾಲ್ಯದಿಂದಲೂ ಬಣ್ಣಗಳೆಂದರೆ ನನಗೆ ಪ್ರೀತಿ’ ಎಂದು ಶುರುಮಾಡಿದ್ದೆ. ನನಗೆ ಬಿವಿಎಯಲ್ಲಿ (ದೃಶ್ಯಕಲೆಯ ಪದವಿಯಲ್ಲಿ) ಕಲಿಸಿದ ಗುರುಗಳು ಆ ಸಾಲಿಗೆ ಗೆರೆ ಎಳೆದು, “ಇದನ್ನು ಎಲ್ಲರೂ ಬರೆಯುತ್ತಾರೆ. ಮನೆಯಲ್ಲಿ ಕುಳಿತು ಮಾಡಲಾಗದ ಯಾವ ಕೆಲಸ ಮಾಡಲು ಅಲ್ಲಿಗೆ ಹೋಗುತ್ತೀ, ಅದನ್ನು ಬರೆ” ಎಂದರು. ನನಗೆ ಫೋನ್ ಮಾಡುವ ಎಲ್ಲರಿಗೂ ಈಗ ನಾನು ಹೇಳುವುದು ಆ ಮಾತನ್ನೇ.

ಲಿಖಿತ ಪರೀಕ್ಷೆಯಲ್ಲಿ ಫ್ರೆಸ್ಕೊ ವಿಧಾನವನ್ನು ವಿವರಿಸಿ ಎಂಬ ಪ್ರಶ್ನೆ ಇತ್ತು. ಪುಸ್ತಕದ ಉತ್ತರ ನನಗೆ ನೆನಪಿರಲಿಲ್ಲ, ಆದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೆನಪಿತ್ತು. ಇಟಲಿಯಿಂದ ಬಂದ ಜೆಸುಯಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ ಅಲ್ಲಿ ಚಿತ್ರಿಸಿದ್ದು 1899ರಿಂದ 1901ರ ನಡುವೆ. ಗೋಡೆಯವು ಫ್ರೆಸ್ಕೊ, ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲವರ್ಣ. ನನ್ನ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ, ಗಾರೆ ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ ಎಂದು ಬರೆದೆ. ಅದರ ಪಕ್ಕದಲ್ಲೇ ನಮ್ಮ ಕರಾವಳಿಯ ಕಾವಿ ಕಲೆಯನ್ನೂ ಬರೆದೆ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಆರುವ ಮೊದಲೇ ಕೆರೆದು, ಕೆಳಗಿನ ಬಿಳಿಯನ್ನು ಹೊರತೆಗೆಯುವ ಕೆಲಸ. ಒಂದರಲ್ಲಿ ಬಣ್ಣ ಒಳಗೆ ಹೋಗುತ್ತದೆ, ಇನ್ನೊಂದರಲ್ಲಿ ಬಣ್ಣ ತೆಗೆದಾಗ ಚಿತ್ರ ಬರುತ್ತದೆ. ಪರೀಕ್ಷೆಗೆ ಓದುವ ಮಕ್ಕಳೇ, ಹಂಪನಕಟ್ಟೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ನಿಮ್ಮ ಪಠ್ಯಪುಸ್ತಕವಿದೆ. ಹೋಗಿ ಅರ್ಧ ದಿನ ಕುಳಿತು ಬನ್ನಿ.

ಸಂದರ್ಶನದಲ್ಲಿ ಮೂವರಿದ್ದರು. ವಯಸ್ಸಾದವರೊಬ್ಬರು ನನ್ನ ಮರದಚ್ಚುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಎಲ್ಲವೂ ಹಂಚಿನ ಕಾರ್ಖಾನೆಯ ಚಿತ್ರಗಳು, ನನ್ನ ಅಪ್ಪಯ್ಯ ಇಪ್ಪತ್ತೊಂಬತ್ತು ವರ್ಷ ದುಡಿದ ಜಾಗ. ಆ ವಯಸ್ಸಾದವರು ಮೊದಲು ಕೇಳಿದ್ದು ಇದನ್ನು: “ನೀವು ಜೀವನದಲ್ಲಿ ಮೊದಲು ನೋಡಿದ ಅಚ್ಚು ಯಾವುದು?” ಯೋಚಿಸಿರಲಿಲ್ಲ. ಆದರೆ ಬಾಯಿಂದ ಬಂದದ್ದು ಹಂಚು. ಅಪ್ಪಯ್ಯ ಅಚ್ಚಿನ ಯಂತ್ರದ ಮುಂದೆ ನಿಂತು, ಮಣ್ಣು ಅಂಟದಂತೆ ಅಚ್ಚಿಗೆ ಎಣ್ಣೆ ಸವರುತ್ತಿದ್ದರು. ಅಚ್ಚಿನೊಳಗೆ ಕಾರ್ಖಾನೆಯ ಹೆಸರು ತಿರುಗಮುರುಗವಾಗಿ ಕೆತ್ತಿರುತ್ತಿತ್ತು. ಮಣ್ಣಿನ ಹಲಗೆ ಒತ್ತಿ ಎತ್ತಿದರೆ ಹಂಚಿನ ಬೆನ್ನ ಮೇಲೆ ನೆಟ್ಟಗೆ ಓದಲು ಬರುತ್ತಿತ್ತು. ಎರಡನೇ ತರಗತಿಯಲ್ಲಿದ್ದಾಗ ಬುತ್ತಿ ಕೊಡಲು ಹೋದವಳು ಆ ಉಲ್ಟಾ ಅಕ್ಷರಗಳನ್ನು ನೋಡುತ್ತಾ ನಿಂತುಬಿಟ್ಟಿದ್ದೆ. ಅದನ್ನೆಲ್ಲ ಹೇಳಿದೆ. ಅವರು ಫೈಲ್ ಮುಚ್ಚಿ, “ಸರಿ, ಕಲ್ಲಿನ ಮೇಲೆ ಕೆಲಸ ಮಾಡುತ್ತೀರಾ?” ಎಂದು ಕೇಳಿದರು.

ಆ ಶಾಲೆಗೆ ನಾನು ಕೊಡುವ ಪೂರ್ಣ ಅಂಕವೆಲ್ಲ ಅದರ ಕಾರ್ಯಾಗಾರಕ್ಕೆ. ಬೆಳಿಗ್ಗೆ ಎಂಟಕ್ಕೆ ತೆರೆದರೆ ರಾತ್ರಿ ಒಂಬತ್ತೂವರೆಯವರೆಗೆ ಇರುತ್ತಿತ್ತು. ಭಾನುವಾರವೂ ಪುಸ್ತಕದಲ್ಲಿ ಸಹಿ ಹಾಕಿ ಬೀಗದ ಕೈ ತೆಗೆದುಕೊಳ್ಳಬಹುದಿತ್ತು. ತಗಡಿನ ಮೇಲೆ ಮೇಣ, ರಾಳ, ಬಿಟುಮೆನ್ ಬೆರೆತ ಲೇಪ ಹಚ್ಚಿ, ಸೂಜಿಯಿಂದ ಗೀರಿ, ನೈಟ್ರಿಕ್ ಆಮ್ಲಕ್ಕೆ ಇಳಿಸಿದ ಮೇಲೆ ಗಂಟೆ ನೋಡಿ ಮನೆಗೆ ಹೋಗಲು ಬರುವುದಿಲ್ಲ. ಗೆರೆಯ ಮೇಲೆ ಏಳುವ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸವರುತ್ತಾ ಪಕ್ಕದಲ್ಲೇ ನಿಂತಿರಬೇಕು. ಎರಡು ನಿಮಿಷ ಹೆಚ್ಚಾದರೆ ಸಣ್ಣ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಗುಂಡಿಯಾಗುತ್ತವೆ. ಐದಕ್ಕೆ ಬೀಗ ಬೀಳುವ ಕಡೆ ಓದಿದ ಗೆಳತಿಯೊಬ್ಬಳು ಎರಡು ವರ್ಷದಲ್ಲಿ ಆರು ತಗಡು ಮುಗಿಸಿದಳು. ನಾನು ಮೂವತ್ತನಾಲ್ಕು ಮುಗಿಸಿದೆ. ಅವಳು ನನಗಿಂತ ಚೆನ್ನಾಗಿ ಗೆರೆ ಎಳೆಯುತ್ತಾಳೆ. ಅದಕ್ಕೇ ನನಗೆ ಈ ಬೀಗದ ವಿಷಯದಲ್ಲಿ ಇಷ್ಟು ಸಿಟ್ಟು.

ನನಗೆ ಅತಿ ಹೆಚ್ಚು ಕಲಿಸಿದವರು ಪ್ರಾಧ್ಯಾಪಕರಲ್ಲ, ಕಾರ್ಯಾಗಾರದ ಸಹಾಯಕರು. ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದೆವು. ಅವರಿಗೆ ಪದವಿ ಇರಲಿಲ್ಲ, ಮೂವತ್ತು ವರ್ಷದ ಕೈ ಇತ್ತು. ಗಾಜಿನ ಮೇಲೆ ಶಾಯಿ ಉರುಳಿಸುವಾಗ ಅವರು ನೋಡುತ್ತಲೇ ಇರಲಿಲ್ಲ, ಬೆನ್ನು ಹಾಕಿ ನಿಂತು ಸದ್ದು ಕೇಳುತ್ತಿದ್ದರು. ಹದವಾದ ಶಾಯಿ ರೋಲರಿನ ಕೆಳಗೆ ಸಣ್ಣಗೆ ಸರ್ರೆನ್ನುತ್ತದೆ. ಹೆಚ್ಚಾದರೆ ಅಂಟಂಟಾಗಿ ಚಟಪಟ ಎನ್ನುತ್ತದೆ. “ಇನ್ನೂ ಉರುಳಿಸು” ಎಂದು ಬೆನ್ನು ತಿರುಗಿಸದೆಯೇ ಹೇಳುತ್ತಿದ್ದರು. ಅಂಕಪಟ್ಟಿಯಲ್ಲಿ ಅವರ ಹೆಸರಿಲ್ಲ, ವಾರ್ಷಿಕ ಪ್ರದರ್ಶನದ ಪುಸ್ತಿಕೆಯಲ್ಲೂ ಇರಲಿಲ್ಲ. ಅದು ಸರಿಯಲ್ಲ ಎಂದು ವಿಭಾಗಕ್ಕೆ ಬರೆದುಕೊಟ್ಟಿದ್ದೆವು; ಉತ್ತರ ಬರಲಿಲ್ಲ.

ಕಲ್ಲಿನ ಕೆಲಸ ಶುರುವಾದದ್ದು ಎರಡನೇ ಸೆಮಿಸ್ಟರಿನಲ್ಲಿ. ಮೊದಲ ತಿಂಗಳು ಚಿತ್ರವೇ ಇಲ್ಲ, ಬರೀ ಕಲ್ಲು ಉಜ್ಜುವುದು. ಬವೇರಿಯಾದ ಸುಣ್ಣಕಲ್ಲು, ಒಬ್ಬರಿಂದ ಎತ್ತಲಾಗದ ಭಾರ. ಹಿಂದಿನವರ ಚಿತ್ರ ಹೋಗುವವರೆಗೆ ಮರಳು, ನೀರು ಹಾಕಿ ತಿರುಗಿಸಿ ತಿರುಗಿಸಿ ಉಜ್ಜಬೇಕು. ಎಷ್ಟು ಉಜ್ಜಿದರೂ ಒಂದು ಮೂಲೆಯಲ್ಲಿ ಯಾರೋ ಹತ್ತು ವರ್ಷದ ಹಿಂದೆ ಬರೆದ ಕೈಬೆರಳೊಂದು ನೆರಳಿನಂತೆ ಉಳಿದಿತ್ತು. ಆಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಗೋಂದಿಗೆ ಕೆಲವು ಹನಿ ಆಮ್ಲ ಬೆರೆಸಿ ಬಳಿದು, ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಬರೆದಲ್ಲಿ ಶಾಯಿ ಹಿಡಿಯುತ್ತದೆ, ಬರೆಯದಲ್ಲಿ ನೀರು ಅದನ್ನು ದೂಡುತ್ತದೆ. ಎಣ್ಣೆಗೂ ನೀರಿಗೂ ಆಗದು ಎಂಬ ಒಂದೇ ಸಂಗತಿಯ ಮೇಲೆ 1796ರಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಇಡೀ ವಿದ್ಯೆ ನಿಂತಿದೆ.

ಅಲ್ಲಿ ಕಲ್ಲು ಉಜ್ಜುತ್ತಿದ್ದಾಗ ನನಗೆ ಒಂದು ಪದ ನೆನಪಾಗಿ ಕೈ ನಿಂತುಹೋಯಿತು: ಕಲ್ಲಚ್ಚು. ಐದು ವರ್ಷ ನಾನು ಪ್ರತಿ ಜುಲೈ 1ರಂದು ಪತ್ರಿಕಾ ದಿನವೆಂದು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಓದಿ ಹೇಳುತ್ತಿದ್ದೆ. 1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿತ. ಆ ಪದವನ್ನು ಐದು ಸಲ ಜೋರಾಗಿ ಓದಿದವಳಿಗೆ ಕಲ್ಲು ಹೇಗಿರುತ್ತದೆ, ಅದನ್ನು ಎಷ್ಟು ಜನ ಎತ್ತಬೇಕು ಎಂಬುದು ಗೊತ್ತಿರಲಿಲ್ಲ. ಬಿವಿಎ ಓದುತ್ತಿದ್ದಾಗ, ಆ ಮಿಷನ್ನಿನ ಮುದ್ರಣಾಲಯವಿದ್ದ ಮಂಗಳೂರಿನ ಬಲ್ಮಠದ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದೆ. ನಮ್ಮ ಕಡೆಯ ಹಂಚೂ ಶುರುವಾದದ್ದು ಆ ಮಿಷನ್ನಿನವರಿಂದಲೇ: ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ, ಅವರ ಹಂಚಿನ ಕಾರ್ಖಾನೆ 1865ರಲ್ಲಿ. ಅಪ್ಪಯ್ಯನ ಅಚ್ಚಿಗೂ ನನ್ನ ಕಲ್ಲಿಗೂ ಒಂದೇ ಮನೆ.

ಆ ಸೆಮಿಸ್ಟರಿನ ಉಳಿದ ಕಾಲವೆಲ್ಲ ಕಲ್ಲಿನ ಮೇಲೆ ಕನ್ನಡವನ್ನು ಉಲ್ಟಾ ಬರೆಯುವುದರಲ್ಲಿ ಹೋಯಿತು. ಅಕ್ಷರಕ್ಕೆ ಅಕ್ಷರ ತಿರುಗಿಸಿದರೆ ಸಾಲದು, ಒತ್ತಕ್ಷರ ಎಡಕ್ಕೆ ಹೋಗಬೇಕು, ದೀರ್ಘದ ಬಾಲ ಹಿಂದಕ್ಕೆ ಓಡಬೇಕು. ಮೂರು ವಾರದಲ್ಲಿ ಏಳು ಸಾಲು ಬಂತು. ಮೊದಲ ಪ್ರತಿ ಎತ್ತಿದಾಗ ಎರಡನೆಯ ಸಾಲಿನಲ್ಲಿ ಒಂದು ‘ಳ’ ತಪ್ಪು ದಿಕ್ಕಿಗೆ ಮುಖ ಮಾಡಿತ್ತು. ಅಣ್ಣನಿಗೆ ಕನ್ನಡ ಬಾರದು, ಆದರೂ ಬೆರಳಿಟ್ಟು, “ಇದೊಂದು ಬೇರೆ ಮನೆಯದ್ದು” ಎಂದರು. ಪ್ರಬಂಧವನ್ನೂ ಅದೇ ವಿಷಯದ ಮೇಲೆ ಬರೆದೆ. ಅದಕ್ಕಾಗಿ ರಜೆಯಲ್ಲಿ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಕುಳಿತು ಮಿಷನ್ನಿನ ಹಳೆಯ ಪುಸ್ತಕಗಳನ್ನು ನೋಡಿದೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗುವ ಹೊತ್ತಿಗೆ ಕಲ್ಲಿನ ಕಾಲ ಹೋಗಿ ಅಚ್ಚುಮೊಳೆಯ ಕಾಲ ಬಂದಿತ್ತು. ಸಾವಿರ ಮೈಲಿ ಹೋದದ್ದು ಮನೆಯ ಪಕ್ಕದ ರಸ್ತೆಯನ್ನು ಕಾಣಲೆಂದು ಆಯಿತು. ಈ ಕೋರ್ಸು ನನಗೆ ಕೊಟ್ಟದ್ದರಲ್ಲಿ ಅದೇ ದೊಡ್ಡದು.

ದೂರುಗಳೂ ಸಣ್ಣವಲ್ಲ. ಆಮ್ಲದ ಕೋಣೆಯ ಹೊಗೆ ಹೊರಹಾಕುವ ಫ್ಯಾನ್ ಒಂದು ಇಡೀ ಸೆಮಿಸ್ಟರ್ ಕೆಟ್ಟು ನಿಂತಿತ್ತು. ಕಿಟಕಿ ತೆರೆದು, ಮುಖಕ್ಕೆ ಬಟ್ಟೆ ಕಟ್ಟಿ ಕೆಲಸ ಮಾಡಿದೆವು. ನೈಟ್ರಿಕ್ ಹೊಗೆಗೆ ಬಟ್ಟೆ ಅಡ್ಡಿಯಲ್ಲ. ನನಗೆ ಎರಡು ತಿಂಗಳು ಕೆಮ್ಮು ಹೋಗಲಿಲ್ಲ. ಇದನ್ನು ಕ್ಷಮಿಸುವುದಕ್ಕೆ ಆಗುವುದಿಲ್ಲ, ಅದಕ್ಕೇ ಹೇಳುತ್ತೇನೆ, ಸೇರುವ ಮೊದಲು ಆ ಕೋಣೆಗೆ ಹೋಗಿ ಸ್ವಿಚ್ ಹಾಕಿ ನೋಡಿ. ವಿದ್ಯಾರ್ಥಿವೇತನ ಹನ್ನೊಂದು ತಿಂಗಳು ತಡವಾಯಿತು. ನಾಲ್ಕು ಸೆಮಿಸ್ಟರಿನ ಶುಲ್ಕ ಸುಮಾರು 38,000 ರೂಪಾಯಿ ಆದರೆ, ತಗಡು, ಕಾಗದ, ಶಾಯಿಗೆ 90,000 ದಾಟಿತು. ಮನೆಯಲ್ಲಿ ಶುಲ್ಕವನ್ನಷ್ಟೇ ಹೇಳಿ ಹೊರಡಬೇಡಿ.

ಸೆಮಿಸ್ಟರ್ ಕೊನೆಯ ಜೂರಿಯಲ್ಲಿ (ನಮ್ಮ ಚಿತ್ರಗಳನ್ನು ನೋಡಿ ಪ್ರಶ್ನೆ ಕೇಳುವ ಪರೀಕ್ಷೆ) ಹೊರಗಿನಿಂದ ಬಂದ ಒಬ್ಬರು ನನ್ನ ಹಂಚಿನ ಕಾರ್ಮಿಕರ ಚಿತ್ರಗಳ ಮುಂದೆ ಅರ್ಧ ನಿಮಿಷವೂ ನಿಲ್ಲದೆ, “ಕರಾವಳಿಯವರು, ಸಮುದ್ರ ಎಲ್ಲಿ?” ಎಂದು ಕೇಳಿದರು. ನನಗೆ ಆಗ ಬಾಯಿ ಬರಲಿಲ್ಲ. ಇಂಗ್ಲಿಷಿನಲ್ಲಿ ತಟ್ಟನೆ ವಾದ ಮಾಡಲು ಬಾರದವರಿಗೆ ಜೂರಿ ಕಷ್ಟ. ಅದಕ್ಕೆ ನಾನು ಕಂಡುಕೊಂಡ ದಾರಿ, ಪ್ರತಿ ಚಿತ್ರದ ಬಗ್ಗೆ ಮೊದಲೇ ಕನ್ನಡದಲ್ಲಿ ಒಂದು ಪುಟ ಬರೆದಿಟ್ಟುಕೊಂಡು, ಆಮೇಲೆ ಅದನ್ನು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳುವುದು. ಮುಂದಿನ ಜೂರಿಯಲ್ಲಿ ಮಣ್ಣು ಬರುವ ಹೊಳೆಯಿಂದ ಶುರುಮಾಡಿದೆ, ಇಪ್ಪತ್ತು ನಿಮಿಷ ಕೇಳಿದರು. ಹಾಸ್ಟೆಲ್, ಊಟದ ಬಗ್ಗೆ ಬರೆಯುವಂಥದ್ದೇನಿಲ್ಲ. ಕುಚ್ಚಲಕ್ಕಿ ಸಿಗುವುದಿಲ್ಲ, ಅಷ್ಟೇ.

ಮುಗಿಸಿ ಬಂದ ಮೇಲಿನ ಮಾತನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಪದವಿ ಕೈಯಲ್ಲಿರುತ್ತದೆ, ಪ್ರೆಸ್ ಇರುವುದಿಲ್ಲ. ಚಿತ್ರಕಾರನಿಗೆ ಮನೆಯ ಮೂಲೆ ಸಾಕು, ಮುದ್ರಣದವರಿಗೆ ಯಂತ್ರ ಬೇಕು. ನಾನು ವರ್ಷಕ್ಕೆ ಎರಡು ಸಲ ಮಂಗಳೂರು–ಚೆನ್ನೈ ಮೇಲ್ ಹತ್ತಿ, ಚೆನ್ನೈನಲ್ಲಿರುವ ಲಲಿತ ಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರದ ಗ್ರಾಫಿಕ್ಸ್ ಸ್ಟುಡಿಯೊದಲ್ಲಿ ಎಚಿಂಗ್ ಮುಗಿಸಿ ಬರುತ್ತೇನೆ. ಉಳಿದ ಕಾಲ ಮರದಚ್ಚು. ಹಲಗೆಗೆ ಶಾಯಿ ಹಾಕಿ, ಕಾಗದ ಹಾಸಿ, ಸ್ಟೀಲ್ ಸೌಟಿನ ಬೆನ್ನಿನಿಂದ ಉಜ್ಜುವ ಕೆಲಸ ಅಪ್ಪಯ್ಯನದ್ದು. ಅವರ ಒತ್ತುವಿಕೆ ನನ್ನದಕ್ಕಿಂತ ಸಮ. ಹಂಚಿನ ಕೈ ಅದು. ವಾರಕ್ಕೆ ಮೂರು ದಿನ ಪಾಠ ಹೇಳುತ್ತೇನೆ, ದೃಶ್ಯಕಲೆಯ ನೆಟ್ (ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ) ಪರೀಕ್ಷೆಗೆ ಓದುತ್ತಿದ್ದೇನೆ. ಕಾಲೇಜಿನಲ್ಲಿ ಕಾಯಂ ಕೆಲಸ ಬೇಕೆನ್ನುವವರು ಆ ಪರೀಕ್ಷೆಯನ್ನು ಕೊನೆಯ ಸೆಮಿಸ್ಟರಿನಲ್ಲೇ ಬರೆಯಿರಿ, ನನ್ನಂತೆ ಮುಂದೂಡಬೇಡಿ.

ಮಂಗಳೂರಿನ ಒಂದು ಗುಂಪು ಪ್ರದರ್ಶನದಲ್ಲಿ ಕಲ್ಲಚ್ಚಿನ ಏಳು ಸಾಲುಗಳನ್ನು ತೂಗುಹಾಕಿದ್ದೆ. ಬಂದವರಲ್ಲಿ ಹೆಚ್ಚಿನವರು, “ಇದು ಒರಿಜಿನಲ್ಲಾ, ಪ್ರಿಂಟಾ?” ಎಂದು ಕೇಳಿದರು. ಪ್ರಿಂಟ್ ಎಂದರೆ ಝೆರಾಕ್ಸ್ ಪ್ರತಿ ಎಂದೇ ತಿಳಿದವರು. ಪ್ರತಿಯೊಬ್ಬರಿಗೂ ಕಲ್ಲಿನ ಕತೆ ಹೇಳಿದೆ, ಎಂಟು ಪ್ರತಿಗಳ ನಂತರ ಆ ಕಲ್ಲನ್ನು ಉಜ್ಜಿ ಅಳಿಸಿದ್ದನ್ನು ಹೇಳಿದೆ. ಕೊನೆಯ ದಿನ ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಬಂದು, ಕನ್ನಡಕ ಹಣೆಗೇರಿಸಿ, ಹತ್ತಿರ ಹೋಗಿ ಓದಿದರು. ಅವರು ಏನನ್ನೂ ಕೇಳಲಿಲ್ಲ. ಆ ‘ಳ’ ಇನ್ನೂ ಹಾಗೇ ಇದೆ ಎಂದು ತೋರಿಸಿ ಹೋದರು.

ಈ ವರ್ಷ ಅರ್ಜಿ ಹಾಕುವವರು ಯಾವ ಭಾನುವಾರವಾದರೂ ಬೆಳಿಗ್ಗೆ ಒಂಬತ್ತರ ಮೇಲೆ ಮನೆಗೆ ಬನ್ನಿ, ಪೋರ್ಟ್‌ಫೋಲಿಯೊ ನೋಡಿ ಹೇಳುತ್ತೇನೆ. ಹಾಳೆಗಳನ್ನೇ ತನ್ನಿ, ಮೊಬೈಲಿನಲ್ಲಿ ತೋರಿಸಬೇಡಿ. ಫೋಟೊ ತೆಗೆಯಬೇಕಿದ್ದರೆ ಹತ್ತಕ್ಕೆ ಚಾವಡಿಯಲ್ಲಿ ಬೆಳಕು ಬರುತ್ತದೆ, ಪಂಚೆ ಹಿಡಿಯಲು ಅಪ್ಪಯ್ಯ ಇದ್ದಾರೆ.